ಹಾರ್ಲಿಕ್ಸ್ ಬಾಟಲಿ ಸೇರಿದ ಹದಿನೈದು ಬೋಲ್ಟು

ಬಸವನಗುಡಿಯ ರಾಯರ ಮನೆಯ ಅಟ್ಟದಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ ಇದೆ. ಹಾರ್ಲಿಕ್ಸ್ ಮುಗಿದು ಇಪ್ಪತ್ತು ವರ್ಷವಾಯಿತು. ಈಗ ಅದರೊಳಗೆ ನಟ್ಟು, ಬೋಲ್ಟು, ವಾಷರು, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಎರಡು ಕೀಲಿಕೈ. "ಇರಲಿ ಬಿಡು, ಯಾವತ್ತಾದ್ರೂ ಬೇಕಾಗುತ್ತೆ" ಎಂಬುದು ಮನೆತನದ ಮಂತ್ರ.

ಇಂಥ ರಾಯರು ಅರವತ್ತು ತುಂಬಿದ ಮೇಲೆ ಹಾರ್ಲೆ-ಡೇವಿಡ್‌ಸನ್ ಬೈಕು ಕೊಂಡದ್ದು ಬೇರೆಯೇ ಪುರಾಣ.

ಚಕ್ರಗಳಿಗೆ ಕಪ್ಪು ಬಣ್ಣ ಹೊಡೆಸಬೇಕೆಂಬ ಆಸೆ ಹುಟ್ಟಿ, ಡಿಸ್ಕುಗಳನ್ನೂ ಪುಲ್ಲಿಯನ್ನೂ ಬಿಚ್ಚಿಸಿದರು. ಹಾರ್ಲೆಯ ಹಿಂಚಕ್ರಕ್ಕೆ ಚೈನಿಲ್ಲ, ಹಲ್ಲಿರುವ ಬೆಲ್ಟು. ಆ ಬೆಲ್ಟು ತಿರುಗಿಸುವ ಪುಲ್ಲಿಗೆ ಐದು ಬೋಲ್ಟು, ಎರಡು ಬ್ರೇಕ್ ಡಿಸ್ಕಿಗೆ ಐದೈದು. ಬಣ್ಣಕ್ಕೆ ಸಾವಿರಗಟ್ಟಲೆ ಸುರಿದ ಕೈ, ಈ ಹದಿನೈದು ಬೋಲ್ಟಿನ ಹತ್ತಿರ ಬಂದು ಮುಷ್ಟಿ ಕಟ್ಟಿತು. ಹಳೆಯದನ್ನು ಎಸೆದು ಹೊಸದು ಹಾಕಿ ಎನ್ನುತ್ತದೆ ಕೈಪಿಡಿ. "ತುಕ್ಕಿಲ್ಲ, ಸೊಟ್ಟಿಲ್ಲ, ಎಸೆಯೋದ್ಯಾಕೆ?" ಎಂದರು ರಾಯರು.

ಮೆಕ್ಯಾನಿಕ್ ಒಂದು ಹಳೇ ಬೋಲ್ಟನ್ನು ಅಂಗೈಯಲ್ಲಿಟ್ಟು ತೋರಿಸಿದ. ಥ್ರೆಡ್ಡಿನ ಮೇಲೆ ನೀಲಿ ಪುಡಿ ಚಕ್ಕೆಚಕ್ಕೆಯಾಗಿ ಉದುರುತ್ತಿತ್ತು. ಹೊಸ ಬೋಲ್ಟಿಗೆ ಮೊದಲೇ ಬಳಿದು ಒಣಗಿಸಿರುವ ಅಂಟು ಅದು. ಒಮ್ಮೆ ಬಿಗಿದು ಬಿಚ್ಚಿದರೆ ಅದರ ಆಯುಸ್ಸು ತೀರಿತು. ಗಾಳಿ ಸಿಗದ ಸಂದಿಯಲ್ಲಿ, ಲೋಹದ ಸ್ಪರ್ಶಕ್ಕೆ ಗಟ್ಟಿಯಾಗುವ ಇಂಥ ಅಂಟನ್ನು 1953ರಲ್ಲಿ ಕಂಡುಹಿಡಿದವರು ಅಮೆರಿಕದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ವರ್ನನ್ ಕ್ರೀಬಲ್. ಲಾಕ್‌ಟೈಟ್ ಎಂಬ ಹೆಸರು ಅಲ್ಲಿಂದ ಬಂದದ್ದು. ನೀಲಿಯದು ಸ್ಪ್ಯಾನರಿಗೆ ಮಣಿಯುತ್ತದೆ. ಕೆಂಪಿನದು ಬೆಂಕಿ ತೋರಿಸದೆ ಮಾತೇ ಕೇಳುವುದಿಲ್ಲ.

"ಹಾಗಾದ್ರೆ ಚೆನ್ನಾಗಿ ಉಜ್ಜಿ, ಒಂದು ತೊಟ್ಟು ನೀಲಿ ಹಾಕಿ ಬಿಗಿದ್ರಾಯ್ತಲ್ಲ!" ರಾಯರ ಮುಖ ಅರಳಿತು.

ಇದು ತೀರಾ ತಪ್ಪು ವಾದವಲ್ಲ. ಹಲವು ಅನುಭವಿಗಳು ಹಾಗೇ ಮಾಡುತ್ತಾರೆ. ತೊಡಕಿರುವುದು ಕಣ್ಣಿಗೆ ಕಾಣದ ಕಡೆ. ಬೋಲ್ಟು ಎಂದರೆ ಒಂದು ಗಡುಸು ಸ್ಪ್ರಿಂಗು: ಬಿಗಿದಾಗ ಕೂದಲೆಳೆಯಷ್ಟು ಹಿಗ್ಗುತ್ತದೆ, ವಾಪಸ್ ಕುಗ್ಗಲು ಎಳೆಯುವ ಆ ಹಟವೇ ಡಿಸ್ಕನ್ನು ಹಿಡಿದಿಡುತ್ತದೆ. ಮಿತಿ ಮೀರಿ ಬಿಗಿದರೆ ಅಷ್ಟೇ, ಹಳೇ ಎಲಾಸ್ಟಿಕ್ಕಿನ ಹಾಗೆ ಹಿಗ್ಗಿದ್ದು ಹಿಗ್ಗಿಯೇ ಉಳಿಯಿತು. ನಾವು ಸ್ಪ್ಯಾನರಿಗೆ ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ತಿಕ್ಕಾಟಕ್ಕೇ ಖರ್ಚು, ಮದುವೆಯ ಬಜೆಟ್ಟು ಚಪ್ಪರಕ್ಕೇ ಕರಗುವ ಹಾಗೆ. ಥ್ರೆಡ್ಡಿಗೆ ಎಣ್ಣೆ ತಗುಲಿದ್ದರೆ ಅದೇ ಬಲಕ್ಕೆ ಬೋಲ್ಟು ಬೇಕಾದ್ದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಈ ಬೋಲ್ಟುಗಳನ್ನು ಹಿಂದೆ ಯಾರು, ಎಷ್ಟು ಬಿಗಿದಿದ್ದರು? ಬೋಲ್ಟಿಗೆ ಗೊತ್ತು, ಹೇಳುವುದಿಲ್ಲ.

"ಸಾರ್, ಬ್ರೇಕ್ ಹಿಡಿದಾಗ ನಿಮ್ಮ ಮುನ್ನೂರು ಕಿಲೋ ಗಾಡಿ ಇವನ್ನೇ ನಂಬ್ಕೊಂಡಿರುತ್ತೆ" ಎಂದ ಮೆಕ್ಯಾನಿಕ್. ರಾಯರು ನಿಟ್ಟುಸಿರಿಟ್ಟು ಹೊಸದಕ್ಕೆ ಒಪ್ಪಿದರು. ಹಳೆಯವನ್ನು ಮಾತ್ರ ಎಣಿಸಿ ಜೇಬಿಗಿಳಿಸಿದರು.

ಮಂತ್ರ ಫಲಿಸಲು ಹೆಚ್ಚು ದಿನ ಬೇಕಾಗಲಿಲ್ಲ. ಅಡುಗೆಮನೆಯ ಗ್ರೈಂಡರ್ ಸ್ಟ್ಯಾಂಡಿನಿಂದ ಎಂಟು ಮಿಲಿಮೀಟರಿನ ಬೋಲ್ಟೊಂದು ಕಳೆದುಹೋಯಿತು. ರಾಯರು ವಿಜಯೋತ್ಸಾಹದಿಂದ ಬಾಟಲಿ ಇಳಿಸಿ, ಮುಂದಿನ ಡಿಸ್ಕಿನ ಹಳೇ ಬೋಲ್ಟೊಂದನ್ನು ಆರಿಸಿದರು. ಅದು ಅಮೆರಿಕದ ಅಂಗುಲದ ಲೆಕ್ಕದ್ದು: 5/16 ಅಂಗುಲ, ಅಂದರೆ 7.94 ಮಿಲಿಮೀಟರು. ನೋಡಲು ಅವಳಿ, ಥ್ರೆಡ್ಡಿನ ಅಂತರ ಬೇರೆ. ಒಂದೂವರೆ ಸುತ್ತು ಹೋಗಿ ಕಚ್ಚಿಕೊಂಡು ನಿಂತಿತು. ಒಳಗೂ ಹೋಗದು, ಹೊರಗೂ ಬಾರದು.

ಒಳಗಿನಿಂದ ದನಿ ಬಂತು: "ದೋಸೆಹಿಟ್ಟು ಇವತ್ತು ಆಗುತ್ತೋ, ಇಲ್ವೋ?"