ಕುರ್ಚಿಗೆ ಅರ್ಜಿ ಹಾಕಿದ ಹೆಂಚು

ಯಸಳೂರು ಹೋಬಳಿಯಲ್ಲೊಂದು ಹಳೇ ಮನೆ ಬಿಚ್ಚಿ ತಾರಸಿ ಮನೆ ಕಟ್ಟಿದರು. ಮೊದಲ ಮಳೆಗಾಲಕ್ಕೇ ತಾರಸಿ ಸೋರಿತು. ಅದರ ನೆತ್ತಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸಿದರು. ಸಕಲೇಶಪುರದ ಕಡೆ ಈಗ ಇದೇ ಸಂಪ್ರದಾಯ: ಮೊದಲು ಕಾಂಕ್ರೀಟಿಗೆ ದುಡ್ಡು, ಆಮೇಲೆ ಕಾಂಕ್ರೀಟನ್ನು ಮಳೆಯಿಂದ ಕಾಪಾಡಲು ದುಡ್ಡು. ಬಿಚ್ಚಿದ ಮಂಗಳೂರು ಹೆಂಚುಗಳನ್ನು ಕಾಫಿ ಕಣದ ಮೂಲೆಯಲ್ಲಿ ಪೇರಿಸಿದ್ದಾರೆ. ಮೇಲಿನ ಹೆಂಚು, ಅಂಚು ಮುಕ್ಕಾದದ್ದು, ದೆಹಲಿಯ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಸದಸ್ಯತ್ವಕ್ಕೆ ಅರ್ಜಿ ಗುಜರಾಯಿಸಿದೆ ಎಂದು ತಿಳಿದು ಮಾತಾಡಿಸಿದೆವು.

ತಮ್ಮ ವೃತ್ತಿಯ ಹಿನ್ನೆಲೆ?

ಮಳೆ ತಡೆಯೋದು. ಬೆನ್ನ ಮೇಲೆ 1865 ಅಂತ ಅಚ್ಚಿದೆ, ನೋಡಿ. ಬಾಸೆಲ್ ಮಿಷನ್ನಿನೋರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು, ನಾನು ಹುಟ್ಟಿದ್ದಲ್ಲ. ಅಜ್ಜನ ಇಸವಿ ತೋರಿಸಿ ಸೀನಿಯಾರಿಟಿ ಕೇಳೋ ಅಭ್ಯಾಸ ನಂಗೂ ಇದೆ ಅನ್ನಿ.

ಆರ್ಕಿಟೆಕ್ಚರ್ ಓದಿದ್ದೀರಾ?

ಇಲ್ಲ. ಅದೇ ನನ್ನ ಅರ್ಹತೆ! ಕ್ಯಾಲಿಫೋರ್ನಿಯಾದಲ್ಲಿ ಆರ್ಕಿಟೆಕ್ಟರಿಗೆ ಲೈಸೆನ್ಸ್ ಕೊಡೋ ಮಂಡಳಿಲಿ ಹತ್ತು ಕುರ್ಚಿ. ಐದರಲ್ಲಿ ಆರ್ಕಿಟೆಕ್ಟರು, ಇನ್ನೈದರಲ್ಲಿ ಸಾರ್ವಜನಿಕರು. ಆ ಐದು ಜನ ಲೈಸೆನ್ಸ್ ಇದ್ದೋರಾಗಿರಬಾರದು. ಏನೂ ಓದದೆ ಇರೋದಕ್ಕೂ ಒಂದು ಕುರ್ಚಿ ಇದೆ ಅಂದ ಮೇಲೆ ನಾನ್ಯಾಕೆ ಸುಮ್ಮನಿರಲಿ?

ನಮ್ಮಲ್ಲಿ ಅಂಥ ಕುರ್ಚಿ ಇಲ್ಲವೇ?

ಕೌನ್ಸಿಲಲ್ಲಿ ಯಾರ್ಯಾರು ಕೂರಬೇಕು ಅಂತ ಹೇಳೋ 1972ರ ಆರ್ಕಿಟೆಕ್ಟರ ಕಾಯಿದೆ ಓದಿಸಿಕೊಂಡೆ ಮಾರಾಯ್ರೇ. ಆರ್ಕಿಟೆಕ್ಟರ ಸಂಸ್ಥೆಯಿಂದ ಐದು ಜನ, ಆರ್ಕಿಟೆಕ್ಚರ್ ಕಾಲೇಜುಗಳ ಮುಖ್ಯಸ್ಥರು ತಮ್ಮೊಳಗೇ ಆರಿಸಿದ ಐದು ಜನ, ತಾಂತ್ರಿಕ ಶಿಕ್ಷಣ ಮಂಡಳಿಯಿಂದ ಇಬ್ಬರು, ರಾಜ್ಯಕ್ಕೊಬ್ಬ ಆರ್ಕಿಟೆಕ್ಟು, ರೈಲ್ವೆ, ರಕ್ಷಣಾ ಇಲಾಖೆಯ ಮುಖ್ಯ ಆರ್ಕಿಟೆಕ್ಟರು. ಎಂಜಿನಿಯರ ಸಂಸ್ಥೆಯಿಂದ ಇಬ್ಬರು, ಸರ್ವೇಯರದ್ದರಿಂದ ಒಬ್ಬರು. ಕಟ್ಟೋರು, ಕಲಿಸೋರು, ಅಳೆಯೋರು ಎಲ್ಲಾ ಬಂದರು. ಸೂರಿನ ಕೆಳಗೆ ಮಲಗೋನು ಎಲ್ಲಿ? ಕೇಂದ್ರ ಸರ್ಕಾರ ನಾಮಕರಣ ಮಾಡೋ ಒಂದು ಕುರ್ಚಿ ಇದೆ, ಅದರಲ್ಲಿ ಯಾರು ಕೂರಬೇಕು ಅಂತ ಬರೆದಿಲ್ಲ. ನಾನು ಅರ್ಜಿ ಹಾಕಿರೋದು ಅದಕ್ಕೇ.

ಈ ಮನೆ ಸೋರಿದ್ದಕ್ಕೆ ಆರ್ಕಿಟೆಕ್ಟರನ್ನು ದೂರುವುದು ನ್ಯಾಯವೇ? ಇಲ್ಲಿಗೆ ಆರ್ಕಿಟೆಕ್ಟರು ಬಂದೇ ಇಲ್ಲವಲ್ಲ.

ಅದೇ ಗೋಳು! ರಿಜಿಸ್ಟರ್ ಆದ ಆರ್ಕಿಟೆಕ್ಟ್ ಕರ್ತವ್ಯ ತಪ್ಪಿದರೆ ಕೌನ್ಸಿಲಿಗೆ ದೂರು ಕೊಡಬಹುದು, ಅದಕ್ಕೆ 1989ರ ನಡತೆಯ ನಿಯಮಗಳೂ ಇವೆ. ಆದರೆ ದೂರು ಕೊಡೋಕೆ ಮೊದಲು ಆರ್ಕಿಟೆಕ್ಟ್ ಬೇಕಲ್ಲ. ಈ ಮನೆ ಪ್ಲಾನು ಬಯಲುಸೀಮೆ ಮನೆ ನೋಡಿ ಬರೆದದ್ದು. ಮೇಸ್ತ್ರಿ ಅದನ್ನ ಒಂದೇ ಸಲ ನೋಡಿ ಮಡಚಿ ಜೇಬಿಗಿಟ್ಟ. ಸೋರಿದ ಮೇಲೆ ಮೇಸ್ತ್ರಿ ಪ್ಲಾನಿನ ಮೇಲೆ ಹಾಕಿದ, ಪ್ಲಾನಿನೋರು ಸಿಮೆಂಟಿನ ಮೇಲೆ ಹಾಕಿದರು, ಸಿಮೆಂಟ್ ಅಂಗಡಿಯೋನು ಮಳೆ ಮೇಲೆ ಹಾಕಿದ. ಮಳೆ ಯಾವ ಕೌನ್ಸಿಲಲ್ಲೂ ರಿಜಿಸ್ಟರ್ ಆಗಿಲ್ಲ.

ಆರ್ಕಿಟೆಕ್ಟರಲ್ಲದವರು ಪ್ಲಾನ್ ಬರೆಯಬಹುದೇ?

ಧಾರಾಳವಾಗಿ. 2020ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕಾಯಿದೆಯ 37ನೇ ಕಲಮು ಕಾಯೋದು ‘ಆರ್ಕಿಟೆಕ್ಟ್’ ಅನ್ನೋ ಹೆಸರನ್ನ, ಕೆಲಸವನ್ನಲ್ಲ. ನೋಯ್ಡಾದ ಒಂದು ಹುದ್ದೆಯ ತಕರಾರಲ್ಲಿ ಬಂದ ತೀರ್ಪು. ಹೆಸರು ಹಾಕ್ಕೋಬೇಡ, ಬೇಕಾದ್ದು ಕಟ್ಟಿಕೋ. ಇಲ್ಲೇ ಪಕ್ಕದ ಬೇಲೂರಲ್ಲಿ ಬಳ್ಳಿಗಾವೆ ದಾಸೋಜ ಮೊದಲು ಶಿಲ್ಪ ಕಡೆದ, ಆಮೇಲೆ ಅದರ ಪೀಠದಲ್ಲಿ ಹೆಸರು ಕೊರೆದ. ಈಗ ಮೊದಲು ಬೋರ್ಡು.

ಸಾರ್ವಜನಿಕರನ್ನು ಕೂರಿಸಿದರೆ ಎಲ್ಲ ಸರಿಹೋಗುತ್ತದೆಯೇ?

ಅಷ್ಟು ಹಸಿ ಹೆಂಚಲ್ಲ ನಾನು, ಸುಟ್ಟಿದ್ದಾರೆ. ನಮ್ಮ ಸಮಿತಿಗಳಲ್ಲಿ ಸಾರ್ವಜನಿಕರು ಅಂದರೆ ಯಾರು ಅಂತ ಗೊತ್ತಿಲ್ವಾ? ಎಂಎಲ್ಎ ಜೊತೆ ಬ್ಯಾನರಲ್ಲಿ ಫೋಟೋ ಇರೋರು. ನಾಳೆ ಆ ಕುರ್ಚಿ ಮಾಡಿದರೂ ಕಂಟ್ರಾಕ್ಟರನ ಭಾವಮೈದ ಬಂದು ಕೂತು ‘ನಾನು ಸಾಮಾನ್ಯ ಪ್ರಜೆ’ ಅಂತಾನೆ. ಅದಕ್ಕೇ ಒಂದು ಷರತ್ತು ಹಾಕಿದ್ದೀನಿ: ಅಭ್ಯರ್ಥಿ ಜನ್ಮದಲ್ಲೊಮ್ಮೆಯಾದರೂ ರಾತ್ರಿ ಎರಡು ಗಂಟೇಲಿ ಎದ್ದು ಹಾಸಿಗೆ ಸರಿಸಿರಬೇಕು.

ಆ ಷರತ್ತಿನಲ್ಲಿ ಆರ್ಕಿಟೆಕ್ಟರೂ ಪಾಸಾಗಬಹುದಲ್ಲ?

ಆಗಲಿ. ತಮ್ಮ ಮನೆ ತಾವೇ ಡಿಸೈನ್ ಮಾಡಿಕೊಂಡೋರು ಇದ್ದೇ ಇರ್ತಾರೆ.

ನಿಮ್ಮ ಮೇಲೂ ದೂರುಗಳಿವೆ. ಮಂಗ ಹತ್ತಿದರೆ ಒಡೆಯುತ್ತೀರಿ, ಪಾಚಿ ಕಟ್ಟುತ್ತೀರಿ, ಆಗಾಗ ಕೈಯಾಡಿಸಬೇಕು.

ಒಪ್ಪಿದೆ. ಆದರೆ ನಾನು ಸೋರಿದರೆ ಯಾವ ಹೆಂಚು ಅಂತ ಕೆಳಗಿಂದಲೇ ಬೆರಳು ಮಾಡಿ ತೋರಿಸಬಹುದು. ಏಣಿ ಇಟ್ಟು ಹತ್ತಿ, ಒಡೆದದ್ದು ತೆಗೆದು ಬೇರೆ ಇಟ್ಟರೆ ಮುಗೀತು. ತಾರಸಿಲಿ ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ತೊಟ್ಟಿಕ್ಕುತ್ತೆ. ತನಿಖೆ ಮಾಡೋಕೇ ಒಂದು ಉಪಸಮಿತಿ ಬೇಕು.

ಆಯ್ಕೆಯಾದರೆ ಮೊದಲ ಕೆಲಸ?

ಮುಂದಿನ ಸಭೆ ಜುಲೈನಲ್ಲಿ, ಯಸಳೂರಲ್ಲಿ, ಶೀಟು ಹೊದಿಸದ ಯಾವುದಾದರೂ ಹೊಸ ಹೋಂಸ್ಟೇ ತಾರಸಿ ಕೆಳಗೆ. ಊಟ, ಕಾಫಿ ನಮ್ಮದು. ಬಕೆಟ್ ಮಾತ್ರ ಸದಸ್ಯರೇ ತರಬೇಕು.