ಕಾರಂಜಿಗೆ ಬೇಲಿ, ಕುರ್ಚಿಗೆ ಅರ್ಜಿ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಲೆಗೆಂದೇ ಒಂದು ಆಯೋಗವಿದೆ. ಹುಟ್ಟಿದ್ದು 1932ರಲ್ಲಿ. ಸದಸ್ಯರು 15, ಅಷ್ಟೂ ಜನರನ್ನು ನೇಮಿಸುವವರು ಮೇಯರ್. ಸರ್ಕಾರಿ ಕಟ್ಟಡದ ಖರ್ಚಿನಲ್ಲಿ ನೂರಕ್ಕೆ ಎರಡು ಪಾಲು ಕಲೆಗೆ ಸಲ್ಲಬೇಕೆಂದು 1969ರಲ್ಲೇ ಕಾನೂನಾಗಿದೆ. ದುಡ್ಡಿದೆ, ಕಾನೂನಿದೆ, ಪರಿಣತರಿದ್ದಾರೆ. ಇಷ್ಟೆಲ್ಲ ಇಟ್ಟುಕೊಂಡೂ ಸ್ವಂತವಾಗಿ ಒಂದು ತೀರ್ಮಾನ ಮಾಡುವ ಪ್ರಸಂಗ ಬರದಂತೆ ನೋಡಿಕೊಳ್ಳುವುದು ಸಣ್ಣ ಕಲೆಯಲ್ಲ.

ಊರಿನ ಕಂಚಿನ ಮಹನೀಯರು ಹೆಚ್ಚುಕಮ್ಮಿ ಎಲ್ಲರೂ ಗಂಡಸರೇ ಆಗಿಬಿಟ್ಟಿದ್ದಾರೆ ಎಂಬುದು ನಗರದ ಹಿರಿಯರಿಗೆ 2018ರಲ್ಲಿ ಹೊಳೆಯಿತು. ಹೆಣ್ಣುಮಕ್ಕಳಿಗೆ ಶೇಕಡ 30 ಎಂದು ಕಾನೂನು ಮಾಡಿ, ಮೊದಲ ಗೌರವ ಲೇಖಕಿ ಮಾಯಾ ಏಂಜೆಲೊಗೆ ಎಂದು ಸಾರಿದರು. ಆಕೆ ಹದಿಹರೆಯದಲ್ಲಿ ಇದೇ ಊರಿನ ಸ್ಟ್ರೀಟ್‌ಕಾರಿನ ಕಂಡಕ್ಟರ್ ಆಗಿದ್ದವರು. ಅವರು ಟಿಕೆಟ್ ಕೊಟ್ಟವರು ಅದೇ ದಿನ ಊರು ಸೇರಿರುತ್ತಾರೆ. ಅವರ ಸ್ಮಾರಕಕ್ಕೆ ಆ ಅದೃಷ್ಟವಿರಲಿಲ್ಲ.

2019ರಲ್ಲಿ ಆಯ್ಕೆ ಸಮಿತಿ ಲಾವಾ ಥಾಮಸ್ ಎಂಬ ಕಲಾವಿದೆಯ ವಿನ್ಯಾಸವನ್ನು ಆರಿಸಿತು: ಒಂಬತ್ತು ಅಡಿಯ ಕಂಚಿನ ಪುಸ್ತಕ, ಅದರ ಮೇಲೆ ಏಂಜೆಲೊ ಮುಖ. ಆಗ ಆ ಶೇಕಡ 30ರ ಕಾನೂನು ತಂದ ನಗರ ಪ್ರತಿನಿಧಿಯೇ ಎದ್ದು ನಿಂತರು. ಗಂಡಸರನ್ನು ಹೇಗೆ ನಿಲ್ಲಿಸಿದ್ದಾರೋ ಹಾಗೆಯೇ ಕೈಕಾಲು ಇರುವ ಪ್ರತಿಮೆ ಬೇಕೆಂದರು. ಸಮಾನತೆ ಎಂದರೆ ಪಾರಿವಾಳಕ್ಕೆ ಕೂರಲು ತಲೆಯೊಂದು ಸಿಗಬೇಕು, ನ್ಯಾಯವೇ. ಆಯೋಗ ಕೂಡಲೇ ತನ್ನದೇ ಸಮಿತಿಯ ಆಯ್ಕೆಯನ್ನು ಬದಿಗೆ ಸರಿಸಿ ಹೊಸದಾಗಿ ಅರ್ಜಿ ಕರೆಯಿತು. 2020ರಲ್ಲಿ ಕಪ್ಪು ಜನರ ಹೋರಾಟ ಬೀದಿಗಿಳಿದಾಗ ಗಾಳಿ ತಿರುಗಿತು, ಆಯೋಗವೂ ತಿರುಗಿತು. ಕ್ಷಮೆ ಕೇಳಿ ಅದೇ ಕಲಾವಿದೆಗೆ ಅದೇ ಕೆಲಸ ಒಪ್ಪಿಸಿತು. 2020ರ ಕೊನೆಗೆ ನಿಲ್ಲಬೇಕಿದ್ದ ಸ್ಮಾರಕ ಮುಖ್ಯ ಗ್ರಂಥಾಲಯದ ಹೊರಗೆ ನಿಂತದ್ದು 2024ರ ಸೆಪ್ಟೆಂಬರಿನಲ್ಲಿ.

ಹೆಂಗಸಿಗೆ ಮೈ ಇಲ್ಲವೆಂದು ಒದ್ದಾಡಿದ ಊರಿಗೆ 2025ರ ಏಪ್ರಿಲ್‌ನಲ್ಲಿ ಬರೀ ಮೈಯೇ ಬಂದು ನಿಂತಿತು. ಮಾರ್ಕೊ ಕೊಕ್ರೇನ್ ಎಂಬ ಶಿಲ್ಪಿ 2015ರ ಬರ್ನಿಂಗ್ ಮ್ಯಾನ್ ಉತ್ಸವಕ್ಕೆ ಮಾಡಿದ್ದ 45 ಅಡಿಯ ಬೆತ್ತಲೆ ಹೆಣ್ಣು. ಮೋಟರಿನ ಬಲದಿಂದ ಎದೆ ಉಸಿರಾಡುತ್ತದೆ. ಖರ್ಚು ಖಾಸಗಿಯವರದು, ಹಾಗಾಗಿ ವರ್ಷಗಟ್ಟಲೆ ಚರ್ಚೆಯ ತಾಪತ್ರಯವಿರಲಿಲ್ಲ. ಊರಿಂದ ಬಂದ ಅಪ್ಪ ಅಮ್ಮನನ್ನು ಫೆರಿ ಬಿಲ್ಡಿಂಗಿನ ಹಿಂದಿರುವ ಗಾಂಧಿ ಪ್ರತಿಮೆಯ ಪಕ್ಕ ನಿಲ್ಲಿಸಿ ಫೋಟೊ ತೆಗೆಯುವ ಬೇ ಏರಿಯಾ ಕನ್ನಡಿಗರು ಆಮೇಲೆ ರಸ್ತೆ ದಾಟಿದರೆ ಸಿಗುತ್ತಿದ್ದವಳು ಇವಳೇ. ಗಾಂಧಿಯಿಂದ ಇವಳವರೆಗಿನ ಆ ನಡಿಗೆಯಲ್ಲಿ ಎಷ್ಟು ಅಪ್ಪಂದಿರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದಿರಬೇಡ!

ಇವಳು ನಿಂತ ಎಂಬಾರ್ಕಡೆರೊ ಪ್ಲಾಜಾದಲ್ಲೇ ಒಬ್ಬ ಹಳೆಯ ನಿವಾಸಿಯೂ ಇದ್ದ. ಕೆನಡಾದ ಕ್ವಿಬೆಕ್‌ನ ಶಿಲ್ಪಿ ಅರ್ಮಾಂಡ್ ವೈಯಾಂಕೂರ್ 1971ರಲ್ಲಿ ಕಟ್ಟಿದ ಕಾರಂಜಿ. ಎತ್ತರ 40 ಅಡಿ, ತೂಕ 710 ಟನ್. ಚೌಕಾಕಾರದ ಕಾಂಕ್ರೀಟ್ ಕೊಳವೆಗಳು ಮುರಿದು ತಿರುಚಿಕೊಂಡು ನೀರು ಕಾರುತ್ತಿದ್ದ ಈ ರಚನೆ ಹುಟ್ಟಿದ ದಿನದಿಂದಲೂ ಬೈಗುಳ ತಿಂದಿದೆ. ಚೌಕ ಕರುಳಿನ ನಾಯಿ ಹಾಕಿಹೋದದ್ದು ಎಂದು ವಿಮರ್ಶಕ ಅಲನ್ ಟೆಮ್ಕೊ ಹೇಳಿದರೆಂಬ ಮಾತು ಊರಿಗೆಲ್ಲ ಬಾಯಿಪಾಠ. ಶಿಲ್ಪಿಯೂ ಸಾಮಾನ್ಯನಲ್ಲ. ಉದ್ಘಾಟನೆಯ ದಿನವೇ ಕಾರಂಜಿಗಿಳಿದು ಕ್ವಿಬೆಕ್‌ಗೆ ಸ್ವಾತಂತ್ರ್ಯ ಬೇಕೆಂದು ಬಣ್ಣದಲ್ಲಿ ಗೀಚಿದ. 1987ರಲ್ಲಿ ಯು2 ಎಂಬ ಸಂಗೀತ ತಂಡದ ಬೋನೊ ಇದೇ ಕಾರಂಜಿಯ ಮೇಲೆ ಸ್ಪ್ರೇ ಮಾಡಿದಾಗ ನಗರ ಕೆಂಡವಾಯಿತು. ಶಿಲ್ಪಿ ಮಾತ್ರ ಓಕ್ಲೆಂಡಿಗೆ ಬಂದು ಆ ತಂಡದ ವೇದಿಕೆಯ ಮೇಲೆ ತಾನೂ ಬಣ್ಣ ಬಳಿದು ಲೆಕ್ಕ ಚುಕ್ತಾ ಮಾಡಿದ. ನನಗಂತೂ ಈ ಕಾರಂಜಿ ಚೆಂದವೆನಿಸಿದ್ದಕ್ಕಿಂತ ಈ ಮನುಷ್ಯನ ಮೇಲೆ ಪ್ರೀತಿ ಬಂದದ್ದೇ ಹೆಚ್ಚು.

ಕಾರಂಜಿ ಕಲಾ ಆಯೋಗದ ಸಂಗ್ರಹಕ್ಕೆ ಸೇರಿತ್ತು, ಅದು ನಿಂತ ನೆಲ ಪಾರ್ಕ್ ಇಲಾಖೆಗೆ. ಹೀಗಾಗಿ ಅದರ ಬಾಳು ಇಬ್ಬರು ಮಕ್ಕಳ ನಡುವೆ ಹಂಚಿಹೋದ ಮುದಿ ತಂದೆಯದಾಯಿತು. ವಿದ್ಯುತ್ ದುಬಾರಿಯೆಂದು ಕೆಲವು ವರ್ಷ ನೀರು ನಿಲ್ಲಿಸಿದರು. 2024ರಲ್ಲಿ ಪಂಪು ಕೈಕೊಟ್ಟಿತು, ಹಾಗೇ ಬಿಟ್ಟರು. 2025ರ ಜೂನ್‌ನಲ್ಲಿ ಸುತ್ತ ಬೇಲಿ ಬಂತು. ಒಳಗೆ ತುಕ್ಕು, ಸೀಸ, ಆಸ್ಬೆಸ್ಟಾಸ್ ಇದೆ, ಜನಕ್ಕೆ ಅಪಾಯ ಎಂದರು. ತುಕ್ಕು ಹಿಡಿಯಲು ಬಿಟ್ಟವರೇ ತುಕ್ಕಿನ ವರದಿ ಹಿಡಿದು ಗಾಬರಿಯಾಗುವುದನ್ನು ನೋಡಿದರೆ, ಅಭಿನಯ ಕಲೆಗೂ ನಗರ ಪ್ರೋತ್ಸಾಹ ಕೊಡುತ್ತಿದೆ ಎಂದು ಸಮಾಧಾನವಾಗುತ್ತದೆ.

ಈಗ ಲೆಕ್ಕಕ್ಕೆ ಬನ್ನಿ. ರಿಪೇರಿಗೆ ಅಂದಾಜು 2.9 ಕೋಟಿ ಡಾಲರ್. ಕಳಚಿ ಗೋದಾಮಿನಲ್ಲಿಡಲು 44 ಲಕ್ಷ. ಆ ಜಾಗದಲ್ಲಿ ಪಕ್ಕದ ಕಚೇರಿ ಕಟ್ಟಡಗಳ ಮಾಲೀಕ ಕಂಪನಿಯ ಜೊತೆಗೂಡಿ ಹೊಸ ಉದ್ಯಾನ ಮಾಡಲು ಸುಮಾರು 3 ಕೋಟಿ. ಉದ್ಯಾನದ ಬಣ್ಣಬಣ್ಣದ ನಕ್ಷೆ 2024ರಲ್ಲೇ ಹೊರಬಂದಿತ್ತು, ಅದರಲ್ಲಿ ಕಾರಂಜಿಯೇ ಇರಲಿಲ್ಲ. ಕಾರಂಜಿ ಅಪಾಯಕಾರಿ ಎಂದು ಗೊತ್ತಾದದ್ದು ಅದಾದ ಮೇಲೆ. ಸಾವಿನ ಕಾರಣ ತಿಳಿಯುವ ಮುನ್ನವೇ ತಿಥಿಯ ಕರೆಯೋಲೆ ಅಚ್ಚಾಗಿತ್ತು.

95ರ ಶಿಲ್ಪಿ ಕೆನಡಾದಿಂದ ಬಂದು ಬೇಡಿಕೊಂಡರು. 2025ರ ನವೆಂಬರ್ 3ರಂದು ಆಯೋಗ ಸಭೆ ಸೇರಿ, ಜನರ ಅಹವಾಲುಗಳನ್ನು ತಾಳ್ಮೆಯಿಂದ ಆಲಿಸಿ, 8–5 ಮತಗಳಿಂದ ಕಾರಂಜಿಯನ್ನು ಸಂಗ್ರಹದಿಂದ ಕೈಬಿಟ್ಟಿತು. ಐದು ಜನ ಬೇಡವೆಂದದ್ದನ್ನು ಮರೆಯಬಾರದು. ಮೇಯರ್ ನೇಮಿಸಿದವರಲ್ಲೂ ಐವರಿಗೆ ಬೆನ್ನುಮೂಳೆ ಉಳಿದಿರುವುದು ನಗರದ ಸಂರಕ್ಷಣಾ ಕಾರ್ಯದ ದೊಡ್ಡ ಯಶಸ್ಸು. ಗೋದಾಮಿನಲ್ಲಿ ಒಂಟಿತನ ಕಾಡಲಾರದು. 2020ರ ಜೂನ್‌ನಲ್ಲಿ ಕಾಯ್ಟ್ ಟವರ್ ಬಳಿಯಿಂದ ಬೆಳಕು ಹರಿಯುವ ಮುನ್ನ ಎತ್ತಿಕೊಂಡು ಹೋದ ಕೊಲಂಬಸ್ ಕೂಡ ಗೋದಾಮು ಸೇರಿದವನೇ. ಯಾವ ಸ್ಮಾರಕ ಇರಬೇಕು, ಯಾವುದು ಬೇಡ ಎಂದು ಚಿಂತಿಸಲು ಮೆಲನ್ ಫೌಂಡೇಶನ್ 30 ಲಕ್ಷ ಡಾಲರ್ ಕೊಟ್ಟಿದೆ. ಚಿಂತನೆ ಒಂದು ಕಡೆ, ಕ್ರೇನು ಇನ್ನೊಂದು ಕಡೆ.

ಇಷ್ಟರ ನಡುವೆ ಆಯೋಗದ ನಿರ್ದೇಶಕರ ಕುರ್ಚಿಯೂ ಖಾಲಿಯಾಯಿತು. 2021ರಲ್ಲಿ ಬಂದ ರಂಗಕರ್ಮಿ ರಾಲ್ಫ್ ರೆಮಿಂಗ್ಟನ್ 2025ರಲ್ಲಿ ಹೊರನಡೆದರು, ಹಂಗಾಮಿಗಳು ಬಂದರು. ಮೇಯರ್ ಡೇನಿಯಲ್ ಲೂರಿ ಅವರ ಕಚೇರಿ ಹೊಸ ಉಪಾಯ ಹೂಡಿತು: ಕಲಾ ಆಯೋಗ, ಕಲೆಗೆ ಅನುದಾನ ಹಂಚುವ ಕಚೇರಿ, ಸಿನಿಮಾ ಚಿತ್ರೀಕರಣದ ಕಚೇರಿ, ಮೂರಕ್ಕೂ ಒಬ್ಬರೇ ಯಜಮಾನರು. ಮೂರು ತಲೆಗಳ ಕೆಲಸಕ್ಕೆ ಒಂದೇ ಟೋಪಿ. ಟೋಪಿ ಯಾರಿಗೆ ಎಂಬುದಷ್ಟೇ ಆಗ ಪ್ರಶ್ನೆಯಾಗಿತ್ತು.

ಜಾಹೀರಾತು ಬರೆಯುವ ಕೆಲಸ ನನಗೆ ಕೊಟ್ಟಿದ್ದರೆ ಹೀಗಿರುತ್ತಿತ್ತು:

‘ಬೇಕಾಗಿದ್ದಾರೆ. ಕಲೆಯಲ್ಲಿ ಆಳವಾದ ಅನುಭವವುಳ್ಳ, ಆದರೆ ಅದನ್ನು ಸಭೆಗಳಲ್ಲಿ ಹೊರಗೆ ತೆಗೆಯದ ಅಭ್ಯರ್ಥಿ. ಸ್ವತಂತ್ರ ದೃಷ್ಟಿ ಕಡ್ಡಾಯ. ಅದು ಯಾವ ಕಡೆಗೆ ಎಂಬುದನ್ನು ಆಗಾಗ ತಿಳಿಸಲಾಗುವುದು. ಕ್ಷಮಾಪಣೆ ಪತ್ರಗಳನ್ನು ಮುಂಚಿತವಾಗಿ ಬರೆದಿಡುವ ಅಭ್ಯಾಸವುಳ್ಳವರಿಗೆ ಆದ್ಯತೆ. ಕ್ರೇನ್ ಗುತ್ತಿಗೆದಾರರ ಪರಿಚಯವಿದ್ದರೆ ಒಳ್ಳೆಯದು. ಸಾರ್ವಜನಿಕರ ಅಭಿಪ್ರಾಯ ಸಂಗ್ರಹಿಸುವ, ಸಂಗ್ರಹಿಸಿದ್ದನ್ನು ಭದ್ರವಾಗಿ ಕಟ್ಟಿಡುವ ತರಬೇತಿ ನೀಡಲಾಗುವುದು. ನೇಮಕಗೊಂಡವರು ಆಯೋಗದ ಆಸ್ತಿ. ಅವರ ನಿರ್ವಹಣೆ ಮಾತ್ರ ಬೇರೆ ಇಲಾಖೆಗೆ ಸೇರಿದ್ದು. ಬಳಕೆಯಲ್ಲಿ ತುಕ್ಕು ಕಂಡುಬಂದಲ್ಲಿ ಸುತ್ತ ಬೇಲಿ ಹಾಕಿ ಎಂಜಿನಿಯರನ್ನು ಕರೆಸಲಾಗುವುದು.’