ಚೆಂಡುಹೂವಿನ ಬಿತ್ತನೆ: ಕೆಲವು ತಾತ್ವಿಕ ನೆಲೆಗಳು

ಬೀಜವನ್ನು ಬರಿಯ ಬೀಜವೆಂದು ನೋಡುವ ಸರಳೀಕೃತ ಗ್ರಹಿಕೆಯನ್ನು ಪ್ರಸ್ತುತ ಪ್ರಬಂಧವು ನಿರಾಕರಿಸುತ್ತದೆ. ಬೀಜವೆಂದರೆ ಗಿಡದ ಗೈರುಹಾಜರಿ. ಗಿಡವೆಂದರೆ ಬೀಜದ ಪಲ್ಲಟ. ಇವೆರಡರ ನಡುವೆ ಮಣ್ಣೆಂಬುದೊಂದು ಸಂಕಥನ. ಈ ಸಂಕಥನದೊಂದಿಗೆ ನಾನು ನಡೆಸಿದ ಅನುಸಂಧಾನಕ್ಕೆ ತಗುಲಿದ್ದು 98 ಗುಳಿಗಳ ಟ್ರೇ ಒಂದು, ಕೊಕೊಪೀಟ್ ಇಟ್ಟಿಗೆ ಒಂದು, ಸೊಂಟನೋವು ಎರಡು ದಿನ.

ಅಧ್ಯಯನದ ಅಗತ್ಯ ಹುಟ್ಟಿದ್ದು ವಿಚಾರ ಸಂಕಿರಣವೊಂದರ ಮೂರನೇ ಸಾಲಿನಲ್ಲಿ. ವಿದ್ವಾಂಸರೊಬ್ಬರು ಬೀಜವೆಂಬ ರೂಪಕದ ರಾಜಕಾರಣದ ಬಗ್ಗೆ ಒಂದು ಗಂಟೆ ನಲವತ್ತು ನಿಮಿಷ ಮಾತಾಡಿದರು. ವೇದಿಕೆಯ ಅಂಚಿಗೆ ಚೆಂಡುಹೂವಿನ ಹನ್ನೆರಡು ಕುಂಡ ಜೋಡಿಸಿಟ್ಟಿದ್ದರು. ಬೀಜವು 'ಸಾಂಸ್ಕೃತಿಕ ಸ್ಮೃತಿಕೋಶ' ಆಗುವ ಹೊತ್ತಿಗೆ ಗಿಡಗಳ ಕತ್ತು ಬಾಗಿತ್ತು. 'ಅನನ್ಯತೆಯ ಬಿಕ್ಕಟ್ಟು' ಬರುವಷ್ಟರಲ್ಲಿ ಎಲೆಗಳೆಲ್ಲ ಜೋತುಬಿದ್ದಿದ್ದವು. ಮರುದಿನ ಸಂಜೆ ನೋಡಿದರೆ ಕುಂಡಗಳು ಸಭಾಂಗಣದ ಹಿಂದೆ, ಎಂಜಲೆಲೆಗಳ ಪಕ್ಕ ಬಿದ್ದಿದ್ದವು. ಬಲಿತು ಒಣಗಿದ್ದ ನಾಲ್ಕು ಹೂ ಕಿತ್ತು ಜೇಬಿಗೆ ಹಾಕಿಕೊಂಡೆ. ಈ ಪ್ರಬಂಧದ ಕ್ಷೇತ್ರಕಾರ್ಯ ಇಷ್ಟೇ.

ಮೊದಲಿಗೆ ನಾಮಮೀಮಾಂಸೆ. ದೊಡ್ಡ ಹೂವಿನ ತಳಿಗೆ ಆಫ್ರಿಕನ್ ಎಂದೂ, ಗಿಡ್ಡದ್ದಕ್ಕೆ ಫ್ರೆಂಚ್ ಎಂದೂ ಹೆಸರು. ಎರಡರ ತವರೂ ಮೆಕ್ಸಿಕೊ ಸೀಮೆ. ನಾವೋ ಅದನ್ನು ಆಯುಧಪೂಜೆಯ ದಿನ ಬಸ್ಸಿನ ಮೂತಿಗೆ ಕಟ್ಟಿ, ಅನಾದಿಕಾಲದಿಂದ ನಮ್ಮದೇ ಎಂದುಕೊಂಡಿದ್ದೇವೆ. ಇದನ್ನು ಮಾರ್ಗದಲ್ಲಿ ಸೇರಿಸಬೇಕೋ ದೇಸಿಯಲ್ಲೋ ಎಂಬ ಚರ್ಚೆಗೆ ಇನ್ನೊಂದು ಸಂಕಿರಣ ಬೇಕು. ಊಟದ ವ್ಯವಸ್ಥೆ ಇದ್ದರೆ ಬರುತ್ತೇನೆ.

ಬಿತ್ತುವವರನ್ನು ಸ್ಥೂಲವಾಗಿ ಏಳು ಪಂಥಗಳಾಗಿ ವಿಂಗಡಿಸಬಹುದು. ಒಂದನೆಯವರು ಅಧಿಜಲವಾದಿಗಳು, ಮೂರು ಹೊತ್ತೂ ನೀರು ಹೊಯ್ಯುವವರು. ಎರಡನೆಯವರು ಉತ್ಖನನವಾದಿಗಳು, ಚೆಂಡುಹೂ ಮೊಳೆಯಲು ನಾಲ್ಕರಿಂದ ಏಳು ದಿನ ಬೇಕೆಂದು ಗೊತ್ತಿದ್ದೂ ಮೂರನೇ ದಿನವೇ ಬೆರಳಿಟ್ಟು ಕೆದಕುವವರು. ಮೂರನೆಯವರು ಚಿತ್ರಪ್ರಮಾಣವಾದಿಗಳು, ಪ್ಯಾಕೆಟ್ಟಿನ ಮೇಲಿರುವ ಹೂವೇ ಅರಳುತ್ತದೆಂದು ನಂಬುವವರು. ನಾಲ್ಕನೆಯವರು... ಬಿಡಿ. ನಾಲ್ಕನೆಯವನೂ ನಾನೇ. ಮೊದಲ ಮೂವರೂ ನಾನೇ.

ಬೀಜವನ್ನು ಹತ್ತಿರದಿಂದ ನೋಡಿ. ಕಪ್ಪು ಕಡ್ಡಿಯಂಥ ಮೈ, ತುದಿಯಲ್ಲಿ ಒಣಹುಲ್ಲಿನ ಬಣ್ಣದ ಜುಟ್ಟು. ಕಾಲಿಂಚು ಆಳಕ್ಕಿಂತ ಕೆಳಗೆ ಹೋಗಬಾರದು. ಐದನೇ ಬೆಳಿಗ್ಗೆ ಬಾಗಿದ ಬೆನ್ನೊಂದು ಮೇಲೇಳುತ್ತದೆ. ಕೆಲವಕ್ಕೆ ಬೀಜದ ಸಿಪ್ಪೆ ಇನ್ನೂ ತಲೆ ಮೇಲೆಯೇ, ಟೊಪ್ಪಿಗೆ ತೆಗೆಯಲು ಮರೆತ ಹುಡುಗನ ಹಾಗೆ. ಪೆಟೂನಿಯಾ ಬೇರೆಯೇ ಜಾತಿ. ಅದರ ಬೀಜ ನಶ್ಯಕ್ಕಿಂತ ಸಣ್ಣ. ಮರಳಲ್ಲಿ ಬೆರೆಸಿ ಮೇಲೆ ಉದುರಿಸಬೇಕು, ಮುಚ್ಚಬಾರದು. ಮೊಳೆಯಲು ಅದಕ್ಕೆ ಬೆಳಕು ಬೇಕು. ನಾನು ಉದುರಿಸಿ, ಸಮಾಧಾನದಿಂದ ಉಸಿರು ಬಿಟ್ಟೆ. ಆ ಉಸಿರಿಗೇ ಅರ್ಧ ಹಾರಿಹೋಯಿತು.

ಅಧಿಜಲವಾದದ ಫಲ ಎರಡನೇ ವಾರ ಕೈಸೇರಿತು. ಸಂಜೆ ನೆಟ್ಟಗಿದ್ದ ಸಸಿಗಳು ಬೆಳಿಗ್ಗೆ ಮಲಗಿದ್ದವು. ಮಣ್ಣಿನ ಮಟ್ಟದಲ್ಲಿ ಕಾಂಡ ದಾರದಂತೆ ಸಣ್ಣಗಾಗಿ, ನೀರುನೀರಾಗಿ ಕೊಳೆತಿತ್ತು. ಮಣ್ಣು ಸದಾ ಹಸಿಯಾಗಿದ್ದರೆ ಪಿಥಿಯಂನಂಥ ರೋಗಾಣುಗಳಿಗೆ ಹಬ್ಬ. ಉಳಿದದ್ದು ಮೂವತ್ತೊಂದು. ಅವನ್ನು ದಿನಕ್ಕಿಷ್ಟು ಹೊತ್ತೆಂದು ಬಿಸಿಲಿಗೆ ಪಳಗಿಸಿ, ನಾಲ್ಕೈದು ಎಲೆ ಬಂದ ಮೇಲೆ ಒಂದು ಸಂಜೆ ನಾಟಿ ಮಾಡಿದೆ. ಸಂಜೆಯೇ ಏಕೆಂದರೆ, ಬೇರು ಕದಲಿದ ಸಸಿಗೆ ಒಂದು ರಾತ್ರಿಯಾದರೂ ಬಿಸಿಲಿಲ್ಲದೆ ಸಿಗಲಿ ಎಂದು. ಲಾಲ್‌ಬಾಗಿನ ಮಾಲಿಗಳಿಗೆ ಇದನ್ನೆಲ್ಲ ಹೇಳಿಕೊಡಬೇಕಿಲ್ಲ. ಗಣರಾಜ್ಯೋತ್ಸವದ ಪ್ರದರ್ಶನಕ್ಕೆ ಪೆಟೂನಿಯಾ ಅರಳಬೇಕಾದರೆ ಅಕ್ಟೋಬರಿನಲ್ಲೇ ಬಿತ್ತಬೇಕೆಂಬ ಲೆಕ್ಕ ಅವರ ಬೆರಳ ತುದಿಯಲ್ಲಿರುತ್ತದೆ. 'ಕಾಲದ ಪರಿಕಲ್ಪನೆ' ಎಂದು ಅವರು ಯಾವತ್ತೂ ಪ್ರಬಂಧ ಮಂಡಿಸಿರಲಾರರು.

ಸಂಕಿರಣದ ಕುಂಡಗಳಲ್ಲಿ ಎಲ್ಲವೂ ಒಂದೇ ಎತ್ತರ, ಒಂದೇ ಹಳದಿ. ನನ್ನ ಅಂಗಳದಲ್ಲಿ ಅವುಗಳ ಮಕ್ಕಳು ಒಂದು ಗೇಣುದ್ದ, ಒಂದು ಮೊಣಕಾಲುದ್ದ; ಒಂದಕ್ಕೆ ತುಂಬು ಚೆಂಡು, ಇನ್ನೊಂದಕ್ಕೆ ಐದಾರು ಎಸಳು. ಮಿಶ್ರತಳಿಯ ಹಣೆಬರಹವೇ ಅದು. ಮೊದಲ ಪೀಳಿಗೆ ಕವಾಯತಿಗೆ ನಿಂತಂತೆ, ಎರಡನೆಯದು ಶಾಲೆ ಬಿಟ್ಟಂತೆ. ಆದ್ದರಿಂದ ವರ್ಷವರ್ಷವೂ ಹೊಸ ಪ್ಯಾಕೆಟ್ ಕೊಳ್ಳಬೇಕು. ಇದನ್ನು ವಿವರಿಸಲು ನನಗೆ ಮೂರು ವಾಕ್ಯ ಸಾಕಾಯಿತು. ಅಲ್ಲಿ ನೂರು ನಿಮಿಷದಲ್ಲಿ ಇದರ ಸುದ್ದಿಯೇ ಬರಲಿಲ್ಲ! ಬೀಜದ ಹೆಸರಲ್ಲಿ ಚಪ್ಪಾಳೆ ಹೊಡೆಸಿಕೊಂಡವರ ಮುಂದೆ ಮೂರು ನೀರಿನ ಬಾಟಲಿಗಳಿದ್ದವು. ಅವರ ಕಾಲಿನಿಂದ ಎರಡಡಿ ದೂರದಲ್ಲಿ ಗಿಡ ಸಾಯುತ್ತಿತ್ತು. ಸಭೆಯಲ್ಲಿ ಒಬ್ಬರೂ ಏಳಲಿಲ್ಲ. ನಾನೂ ಏಳಲಿಲ್ಲ. ನಡುವೆ ಎದ್ದರೆ ಚೆನ್ನಾಗಿ ಕಾಣುವುದಿಲ್ಲವೆಂದು ಕೂತೇ ಇದ್ದೆ.

ಅಮ್ಮನಿಗೆ ತಳಿಶಾಸ್ತ್ರ ಗೊತ್ತಿರಲಿಲ್ಲ. ಕರ್ಣಕುಂಡಲದ ಕಾಯಿ ಬಲಿತರೆ ಮುಟ್ಟಿದೊಡನೆ ಸಿಡಿಯುತ್ತದೆ. ನಾವು ಮಕ್ಕಳು ಸಿಡಿಸುವ ಮೊದಲೇ ಅವಳು ಕಾಯಿಯನ್ನು ಅಂಗೈಯಲ್ಲಿ ಮುಚ್ಚಿ ಕೀಳುತ್ತಿದ್ದಳು. ಹಳೇ ಸೀರೆಯ ಚೂರಲ್ಲಿ ಬೂದಿಯ ಜೊತೆ ಗಂಟು ಕಟ್ಟುತ್ತಿದ್ದಳು, ಹೂವಿನ ಬಣ್ಣದ್ದೇ ದಾರ ಸುತ್ತಿ. ಮಳೆ ಹಿಡಿಯುವ ಹೊತ್ತಿಗೆ ಬೀದಿಯ ಅರ್ಧ ಮನೆಗಳಿಗೆ ನಮ್ಮನೆಯ ಗಂಟಿನಿಂದ ಒಂದೊಂದು ಚಿಟಿಕೆ ಹೋಗುತ್ತಿತ್ತು. ಈಗ ಆ ಬೀದಿಯಲ್ಲಿ ಕಾರು ನಿಲ್ಲುವಷ್ಟೂ ಸಿಮೆಂಟು. ನರ್ಸರಿಯಲ್ಲಿ ಕೇಳಿದರೆ, "ಅದನ್ನ ಯಾರೂ ಕೇಳಲ್ಲ ಸಾರ್" ಎಂದರು.

ಅವಳು ಹೋಗಿ ಏಳು ವರ್ಷದ ಮೇಲೆ ಅಟ್ಟದ ಡಬ್ಬಿಯೊಂದರ ಹಿಂದೆ ಗಂಟೊಂದು ಸಿಕ್ಕಿತು, ಗುಲಾಬಿ ದಾರದ್ದು. ಒಂದು ಕಾಳೂ ಉಳಿಸದೆ ಬಿತ್ತಿದೆ. ಕೆದಕಲಿಲ್ಲ. ನೀರು ಎಷ್ಟು ಬೇಕೋ ಅಷ್ಟೇ ಹಾಕಿದೆ. ಹತ್ತು ದಿನವಾಯಿತು, ಹದಿನೈದಾಯಿತು. ಹದಿನಾರನೇ ಬೆಳಿಗ್ಗೆ ಕುಂಡದ ಅಂಚಿನಲ್ಲಿ ಹಸಿರು ಚೂಪೊಂದು ಕಂಡು, ಕನ್ನಡಕ ಹಾಕಿಕೊಂಡು ಬಂದು ಬಗ್ಗಿ ನೋಡಿದೆ. ಗರಿಕೆ.